ಹದಿನೇಳನೆಯ ಕೋಣೆ

ಡುಲೂತ್‌ನಲ್ಲಿ ಸರೋವರ ಹೆಪ್ಪುಗಟ್ಟಿದ ರಾತ್ರಿ
ನೆಲಮಾಳಿಗೆಯ ವಾಷಿಂಗ್ ಮಷೀನಿನ ಪಕ್ಕ
ಆರ್ವಿಡ್ ನಕ್ಷೆ ಬಿಚ್ಚುತ್ತಾನೆ: ಚೌಕಳಿ ಹಾಳೆ,
ಚೌಕಕ್ಕೆ ಹತ್ತಡಿ ಕತ್ತಲು.

ದಾಳ ಎಲ್ಲರೆದುರೇ ಉರುಳಬೇಕು. ಅದೊಂದೇ ಅವನ ಮಡಿ.
ಕಳೆದ ವಾರ ಟ್ವೈಲಾಳ ಮಂತ್ರವಾದಿ ಹೊಂಡಕ್ಕೆ ಬಿದ್ದು ಸತ್ತ,
ಒಂದೇ ಒಂದು ಅಂಕಿಗೆ.
ಎರಡು ದಿನ ಅವಳು ಫೋನ್ ಎತ್ತಲಿಲ್ಲ.

ಇವತ್ತು ಹದಿನೇಳನೆಯ ಕೋಣೆ. ದೈತ್ಯ.
ಹಲ್ಲು, ಉಗುರು, ಎಷ್ಟು ಏಟಿಗೆ ಸಾಯುತ್ತಾನೆ,
ಎಲ್ಲ ಬರೆದಿಟ್ಟಿದೆ.
ಕತ್ತಿಗಳು ಹೊರಬಂದವು.
"ತಡೀರಿ," ಅಂದಳು ಒಂಬತ್ತರ ಸಿಗ್ನೆ,
"ಅವನ ಹೆಸರು ಕೇಳ್ತೀನಿ."

ಎರಡು ದಾಳ. ಆರು, ಆರು.

ಆರ್ವಿಡ್ ಕನ್ನಡಕ ಒರೆಸಿಕೊಂಡ.
ಮೂವತ್ತು ವರ್ಷದಲ್ಲಿ ಎಷ್ಟೋ ತಂಡ
ಅವನನ್ನು ಕೊಂದು, ಜೇಬು ತಡಕಿ ಹೋಗಿವೆ.
ಈಗ ಪೆನ್ಸಿಲ್ ತುದಿ ಕಚ್ಚಿ
ಹಾಳೆಯ ಅಂಚಿನಲ್ಲಿ ಜಾಗ ಹುಡುಕುತ್ತಿದ್ದಾನೆ.

ಪಂಜು ಇನ್ನೊಂದೇ ಸರದಿ ಉರಿಯುತ್ತದೆ.