ಕಾಲಿಂಚು

ಅರಸೀಕೆರೆ ಪೇಟೆಯಲ್ಲಿ ನನ್ನದು ಕಟ್ಟು ಹಾಕುವ ಅಂಗಡಿ.
ಮದುವೆಯಾದವರು, ಸತ್ತವರು, ದೇವರು,
ಎಲ್ಲರಿಗೂ ಅದೇ ಗರಗಸ, ಅದೇ ಅರ್ಧ ಇಂಚಿನ ಮೊಳೆ.
ಗಾಜು ಬೇಡ ಅನ್ನುವವರು ಒಬ್ಬರೇ, ದಸ್ತಗೀರ್ ಸಾಬರು.
"ಎಣ್ಣೆಬಣ್ಣ ಕಣಪ್ಪ, ಇನ್ನೂ ಒಣಗ್ತಾ ಇರುತ್ತೆ,
ಮುಚ್ಚಿದರೆ ಮುನಿಸಿಕೊಳ್ಳುತ್ತೆ."

ರೈಲ್ವೆಯಲ್ಲಿ ಪೇಂಟರ್ ಕೆಲಸ.
ಬೀರೂರಿಂದ ತಿಪಟೂರಿನ ತನಕ
ಹಳದಿ ಹಲಗೆಯ ಮೇಲೆ ಊರ ಹೆಸರು ಮೂರು ಲಿಪಿಯಲ್ಲಿ,
ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅನ್ನುವುದು.
ಕಡಲು ಕಂಡವರಲ್ಲ.
ಆದರೂ ಆ ಅಂಕಿ ಬರೆಯುವಾಗ ಕುಂಚ ನಡುಗಿದ್ದಿಲ್ಲ.

ಭಾನುವಾರ ಮಾತ್ರ
ಗೂಡ್ಸ್ ಯಾರ್ಡಿನಾಚೆ, ಸೈಕಲ್ಲಿಗೆ ಛತ್ರಿ ಬಿಗಿದು
ಹಿರೇಕಲ್ ಗುಡ್ಡದ ಎದುರು ಕೂರುತ್ತಾರೆ.
ರಾಮರಜ, ಸುಟ್ಟ ಕಾವಿ, ಅಗಸೆ ಎಣ್ಣೆ,
ವಜ್ರ ಬಳಿದು ಒಣಗಿಸಿದ ಖಾದಿ ಬಟ್ಟೆ.
ಮೂವತ್ತು ವರ್ಷ, ಅದೇ ಗುಡ್ಡ.
ಬೇಜಾರಾಗಲ್ವ ಅಂತ ಕೇಳಿದೆ ಒಮ್ಮೆ.
"ಅದಕ್ಕೆ ಬೇಜಾರಾದಾಗ ಹೇಳುತ್ತೆ, ಬಿಡು."

ಕೊಳ್ಳುವವರಿಗೆ ಬೇಕಾದ್ದು ಬೇರೆ.
ಹಿಮದ ಬೆಟ್ಟ, ಕೆಳಗೊಂದು ಗುಡಿಸಲು, ಜೋಡಿ ಹಂಸ.
ಕೊಬ್ಬರಿ ಮಂಡಿ ಸಿದ್ಧಮಲ್ಲಪ್ಪನವರು
ಬೋಳುಗುಡ್ಡವನ್ನು ಬಹಳ ಹೊತ್ತು ನೋಡಿ
"ಒಂದು ಜಲಪಾತ ಇಳಿಸಿಕೊಡಿ, ಐನೂರು ಜಾಸ್ತಿ" ಅಂದರು.
"ಅಲ್ಲಿ ನೀರಿದ್ದಿದ್ದರೆ ಯಜಮಾನರೇ,
ನಾನೇ ಮೊದಲು ಕೊಡ ಹಿಡಿದು ಹೋಗ್ತಿದ್ದೆ."
ಆ ಚಿತ್ರ ಕಡೆಗೆ ಹಲ್ಲಿನ ಡಾಕ್ಟರ ಕೋಣೆ ಸೇರಿತು.
ಬಾಯಿ ತೆರೆದವರೆಲ್ಲ ಅದನ್ನೇ ನೋಡಬೇಕು.

ಈಗ ಕಾಲಿಂಚಿನ ಮಾತು.
ಕಟ್ಟಿನ ಮರ ಒಳಗಡೆ ತುಸು ಚಾಚಿರುತ್ತೆ,
ಚಿತ್ರದ ನಾಲ್ಕೂ ಅಂಚನ್ನು ಕಾಲಿಂಚು ತಿನ್ನುತ್ತೆ.
ತಿನ್ನದೆ ಹಿಡಿಯಲಾರದು.
ಬೇರೆಯವರ ಚಿತ್ರದಲ್ಲಿ ಅಲ್ಲೇನೂ ಇರಲ್ಲ,
ಬರೀ ಬಿಳಿ, ಹೆಬ್ಬೆರಳ ಕಲೆ.
ಇವರದರಲ್ಲಿ ಇರುತ್ತೆ:
ಹೊರಡಲಿರುವ ಮೇಕೆಯ ಹಿಂಗಾಲು,
ಬೇಲಿ ಮೇಲೆ ಒಣಹಾಕಿದ ನೀಲಿ ಲಂಗ,
ಟವೆಲು ಸುತ್ತಿದ ಗ್ಯಾಂಗ್‌ಮನ್, ಅಕ್ಕಿಕಾಳಿನಷ್ಟು.
ಮನೆಯಾಕೆ ಹಸೀನಾಬಿ ತೀರಿಕೊಂಡ ವರ್ಷ
ಬಲ ಅಂಚಿನುದ್ದ ಒಂದೇ ಕೆಂಪು ಗೆರೆ.
ಸಂಜೆಯೋ, ಸೆರಗೋ,
ನಾನು ಕೇಳಲಿಲ್ಲ.
ಸಹಿಯೂ ಅಲ್ಲೇ, ಮರದಡಿ.

ಮೊದಲ ಸಲ ಗಾಬರಿಯಾಗಿತ್ತು ನನಗೆ.
"ಮುಚ್ಚಿಹೋಗುತ್ತಲ್ಲ ಸಾಬರೇ, ಸಣ್ಣ ಪಟ್ಟಿ ಹಾಕಲಾ?"
ಉಗುರಿನ ಬಣ್ಣ ಕೆರೆಯುತ್ತಾ
"ನೀನು ನೋಡಿದೆಯಲ್ಲ" ಅಂದರು,
ಲೆಕ್ಕ ಚುಕ್ತಾ ಆದ ಹಾಗೆ.

ಹೋದ ವಾರ ಡಾಕ್ಟರು ಕಳಿಸಿದರು, ಕಟ್ಟಿಗೆ ಗೆದ್ದಲು.
ಹಳೇ ಮರ ಬಿಚ್ಚಿದೆ.
ಹದಿನೆಂಟು ವರ್ಷದ ಧೂಳು, ಊದುಬತ್ತಿ ಹೊಗೆ ಕುಡಿದು
ಗುಡ್ಡ ಮಂಕಾಗಿದೆ, ಆಕಾಶಕ್ಕೂ ಚಹಾದ ಬಣ್ಣ.
ಆ ಕಾಲಿಂಚಲ್ಲಿ ಮಾತ್ರ
ಅವತ್ತಿನ ಬೆಳಗ್ಗೆ ಅವತ್ತಿನ ಹಾಗೇ ಇದೆ.
ಮೇಕೆ ಇನ್ನೂ ಹೊರಟಿಲ್ಲ.

ಅಂಗಡಿ ಬಾಗಿಲು ಅರ್ಧ ಎಳೆದು
ಒಂದು ಬೀಡಿ ಸೇದುವಷ್ಟು ಹೊತ್ತು ಕೂತೆ, ಬೀಡಿ ಹಚ್ಚದೆ.
ಆಮೇಲೆ ಹೊಸ ಪಟ್ಟಿ ಒತ್ತಿ ಹಿಡಿದು ಮೊಳೆ ಹೊಡೆದೆ.
ಡಾಕ್ಟರ ಬಿಲ್ಲಿನಲ್ಲಿ ಆ ಹೊತ್ತಿಗೆ ದುಡ್ಡು ಹಿಡಿದಿಲ್ಲ.