ಸಮೋಸಾ

ಟಿಕೋಟಾ ರಸ್ತೆದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಾಗ
ಹನ್ನೊಂದು ವರ್ಷ ಪೆಟ್ಟಿಗಿ ಎಣಿಸಿದಾಕಿ ನಾನು.
ಈಗ ಅದ ಗೋದಾಮಿನಾಗ ಹಿಮ ಸುರುವ್ಯಾರ.
ಮಾಲಕರಿಗೆ ಯಾರೋ ದುಬೈ ತೋರಿಸಿಕೊಂಡು ಬಂದರಂತ.
ರ‍್ಯಾಕ್ ಕಿತ್ತರು,
ಈ ಗ್ವಾಡಿಯಿಂದ ಆ ಗ್ವಾಡಿಗೆ ಇಳಿಜಾರು ಕಟ್ಟಿದರು,
ಹೊರಗ ಬೋರ್ಡು: ಹಿಮದ ಮ್ಯಾಲೆ ಜಾರೂದು ಕಲೀರಿ,
ಒಂದು ಬ್ಯಾಚಿಗೆ ಎಂಟು ಮಂದಿ.

ಹಳೇ ಸ್ಟಾಫಿಗೆ ಬುಧವಾರ ಪುಕ್ಕಟೆ.

ಹೊರಗ ನಲವತ್ತೆರಡು. ಒಳಗ ಸೊನ್ನೆಕಿಂತ ಮೂರು ಕೆಳಗ.
ನಡುವ ಒಂದು ಪ್ಲಾಸ್ಟಿಕ್ ಪರದೆ,
ಅದನ್ನ ದಾಟುವಾಗ ಚಶ್ಮಾ ಬೆಳ್ಳಗಾಗಿ
ಒಂದು ನಿಮಿಷ ಯಾರೂ ಯಾರಿಗೂ ಕಾಣೂದಿಲ್ಲ.
ಬಾಡಿಗಿ ಜಾಕೀಟು, ಯಾರದೋ ಬೆವರು ಒಣಗಿದ ಗ್ಲೌಸು.
ಸೀರಿ ಉಟ್ಟು ಹೋಗಬ್ಯಾಡಬೇ ಅಂತ
ಮಗಳು ತನ್ನ ಟ್ರ್ಯಾಕ್ ಪ್ಯಾಂಟ್ ಕೊಟ್ಟಿದ್ದಳು.

ಕಲಿಸಾಂವ ಹವಾಲ್ದಾರ ಪರಸೋಜಿ ಕಾಕತಕರ, ಬೆಳಗಾವಿಯವ,
ಹದಿನಾಕು ಚಳಿಗಾಲ ಗಡಿ ಗುಡ್ಡದಾಗ ಕಳದಾಂವ.
ಹೆಸರು ಕೇಳಲಿಲ್ಲ. ಸಾಲಾಗಿ ನಿಲ್ಲಿಸಿ ನಂಬರ್ ಕೊಟ್ಟ.
ಒಂದು, ಹಲ್ಲಿನ ಡಾಕ್ಟರ್ ಜುಮನಾಳಮಠ.
ಎರಡು, ಹಣ್ಣಿನ ದಸ್ತಗೀರ ಬಾಗವಾನ.
ಮೂರು ನಾಕು, ಪಾಲಿಟೆಕ್ನಿಕ್ ಹುಡುಗ್ಯಾರು, ನಗು ನಿಲ್ಲೂದಿಲ್ಲ.
ಐದು, ಬ್ಯಾಂಡಿನಾಗ ಕ್ಲಾರಿನೆಟ್ ಊದೂ ಯಮನೂರಿ.
ಆರು ನಾನು.
ಏಳನೇಯವ ಬೂಟು ಹಾಕ್ಕೊಂಡು, ಬಿಚ್ಚಿಟ್ಟು, ಮನಿಗೆ ಹೋದ.
ಎಂಟು ಬರಲೇ ಇಲ್ಲ.

"ಮೊದಲ ಬೀಳೂದು ಕಲೀರಿ," ಅಂದ.
"ಬಾಜೂಕ ಬೀಳ್ರಿ. ಕುಂಡಿ ಮೊದಲು, ಕೈ ಕಡೀಕ.
ಕೈ ಊರಿದರ ಮಣಿಕಟ್ಟು ಹೋತು."
ಇಪ್ಪತ್ತು ನಿಮಿಷ ಬಿದ್ದೆವು, ನಂಬರ್ ಪ್ರಕಾರ.
ಇಷ್ಟು ವರ್ಷ ನಾ ಬಿದ್ದದ್ದೆಲ್ಲ ಅಡ್ಡಾದಿಡ್ಡಿ ಅಂತ
ಅವತ್ತ ತಿಳೀತು.

"ಈಗ ನಿಲ್ಲೂದು. ಹಲಗಿ ಚುಂಚು ಮುಂದ ಕೂಡಿಸ್ರಿ,
ಹಿಂದ ಅಗಲಿಸ್ರಿ. ಏನಾತು?"
"ಸಮೋಸಾ!" ಅಂದಳು ನಂಬರ್ ನಾಕು.
"ಹಾಂ. ಸಮೋಸಾ ಅಂದರ ಬ್ರೇಕು."
ಊರ ಮಂದಿಗೆಲ್ಲ ಬಾಯಿ ತಗೀರಿ ಅನ್ನೂ ಡಾಕ್ಟರು
ತಾವ ಬಾಯಿ ತಕ್ಕೊಂಡು
ಸೀದಾ ಹೋಗಿ ಗಾದಿಗೆ ಬಡದರು.

ನನ್ನ ಪಾಳಿ.
ಮ್ಯಾಲೆ ನಿಂತು ನೋಡಿದರ
ಎಲ್ಲಾ ಗೊತ್ತಿದ್ದ ಜಾಗ:
ಇಲ್ಲಿ ಹದಿನೇಳನೇ ರ‍್ಯಾಕು, ಅಲ್ಲಿ ತೊರವಿಯವರ ಹಸರ ಮಾಲು,
ಆ ಮೂಲ್ಯಾಗ ಯಾರೂ ಒಯ್ಯದ ಮೂವತ್ತು ಪೆಟ್ಟಿಗಿ
ಎರಡು ವರ್ಷ ಬಾಡಿಗಿ ಏರಿಸಿಕೋತ ಕುಂತಿದ್ದವು.
ಹಿಮಕ್ಕ ಇನ್ನೂ ಗಂಧಕದ ವಾಸನಿ, ದ್ರಾಕ್ಷಿ ವಾಸನಿ.
ಯಾರೂ ನೋಡದಾಗ ಒಂದೀಟು ನೆಕ್ಕಿದೆ.
ಸಪ್ಪಗ.

"ನಂಬರ್ ಆರು!"
ಹೋದೆ.
ಮೊಣಕಾಲು ಬಗ್ಗಿಸೂದು ಮರತೆ, ಸಮೋಸಾ ಮರತೆ,
ಕಾಲು ನನ್ನ ಕೇಳದ ಹೊಂಟವು.
ಯವ್ವಾ ಅಂತ ಕೂಗಿದೆ.

ಈ ಊರಾಗ ಹುಟ್ಟಿದವರಿಗೆ ಒಂದು ಚಟ.
ಸಣ್ಣಾಗಿದ್ದಾಗ ಗುಮ್ಮಟದಾಗ ಹೆಸರು ಕೂಗಿ
ಅದು ಏಳು ಸಲ ಮರಳಿ ಬರೂದನ್ನ ಎಣಿಸಿದವರು ನಾವು.
ಕೂಗಿದ ಮ್ಯಾಲೆ ಕಾಯತೀವಿ.
ಹಿಮ ನುಂಗಿತು.
ಒಂದು ಸಲಾನೂ ಬರಲಿಲ್ಲ.
ಆ ಸುಮ್ಮನಿರೂದರಾಗ ನಾ ಒಬ್ಬಾಕಿನ
ಇಳಕೋತ, ಇಳಕೋತ,
ಬಾಜೂಕ ಬಿದ್ದೆ. ಕುಂಡಿ ಮೊದಲು, ಕೈ ಕಡೀಕ.
"ಶಾಬಾಸ್," ಅಂದ ಹವಾಲ್ದಾರ,
"ಇದಕ್ಕ ಅಂತಾರ ಬೀಳೂದು."

ಮೂರನೇ ಸಲ ನಿಂತ ಇಳದೆ. ಬಲಕ್ಕ ಹೊಳ್ಳಿದೆ ಸುದ್ದಾ.
ಎಡಕ್ಕ ಹೊಳ್ಳೂದು ಮುಂದಿನ ಬುಧವಾರ.

ಹೊರಗ ಬಂದರ ಕಾಲರಿನಾಗಿನ ಹಿಮ
ಆಟೋ ಮುಟ್ಟೂ ತನಕಾನೂ ಉಳೀಲಿಲ್ಲ.
ಸಂಜೀಗೆ ಮದವಿ ಐತಿ, ಬೆರಳು ಸೆಟದಾವು ಅಂತ
ಯಮನೂರಿ ಬಿಸಿಲಿಗೆ ಎರಡೂ ಕೈ ಚಾಚಿ ನಿಂತಿದ್ದ.
ದಸ್ತಗೀರ ಎಲ್ಲರಿಗೂ ಒಂದೊಂದು ಚಿಕ್ಕು ಕೊಟ್ಟ.

ಆಟೋ ಇಳದು ನಡಕೋತ ಬಂದೆ,
ಗಲ್ಲಿ ಮೂಲಿಗೊಮ್ಮೆ ಮೊಣಕಾಲು ಬಗ್ಗಿಸಿ.
ನಮ್ಮ ಮನಿ ಎಡಕ್ಕ ಐತಿ.
ಮೂರು ಸಲ ಬಲಕ್ಕ ಹೊಳ್ಳಿ ಮುಟ್ಟಿದೆ.