ಕೆಂಪು ಮುಖದ ಕೆಳಗೆ

ಮಾತೊಸಿನ್ಯೂಶ್ ಬಂದರಿನ ಹಿಂದುಗಡೆ
ಬೂತಾಯಿ ಮೀನು ಡಬ್ಬಿಗೆ ತುಂಬುವ ನಮ್ಮ ಕಾರ್ಖಾನೆಗೆ
ಸುಖ ಬಂದದ್ದು ಮಾರ್ಚಿನ ಎರಡನೇ ಮಂಗಳವಾರ,
ಮರದ ಪೆಟ್ಟಿಗೆಯಲ್ಲಿ.
ಸಹಿ ಹಾಕಿ ಇಳಿಸಿಕೊಂಡವನು ನಾನೇ, ಲೆಕ್ಕದ ಗುಮಾಸ್ತ.

ಬಿಚ್ಚಿದರೆ ಒಂದು ಕಂಬ, ಕಂಬದ ನೆತ್ತಿಗೆ ನಾಲ್ಕು ಗುಂಡಿ.
ಕಡುಹಸಿರು ಮುಖ ಹಲ್ಲು ಕಿರಿಯುತ್ತದೆ,
ತಿಳಿಹಸಿರಿನದು ಬಿಗುಮಾನದ ನಗು,
ಕಿತ್ತಳೆಗೆ ಹೊಟ್ಟೆನೋವು,
ಕೆಂಪಿನದು ಸಾವಿನ ಮನೆ.
ಮೇಲೊಂದು ಸಾಲು: ಇಂದು ನಿಮ್ಮ ಕೆಲಸ ಹೇಗಿತ್ತು?

ಲಿಸ್ಬನ್ನಿನಿಂದ ಬಂದ ಟೆಲ್ಮೋ ಸಾಹೇಬರು
ಗೋಡೆಗೆ ಬೆಳಕು ಬಿಟ್ಟು ತೋರಿಸಿದರು:
ನಕ್ಕ ಕೈ ಹೆಚ್ಚು ಡಬ್ಬಿ ತುಂಬುತ್ತದೆ,
ಸುಖವೆಂಬುದು ಖರ್ಚಲ್ಲ, ಹೂಡಿಕೆ.
ನೂರ ಹನ್ನೆರಡು ಹೆಂಗಸರು ನಿಂತೇ ಕೇಳಿದರು.
ಕೂರಲು ಅಲ್ಲಿ ಕುರ್ಚಿ ಇರಲಿಲ್ಲ.

ಹೊರಡುವಾಗ ಕೈತುಂಬ ಹುರುಪೆ.
ದೆಯೊಲಿಂದಾ ಮೊಣಕೈಯಿಂದ ಗುದ್ದುವಳು, ಯಾವಾಗಲೂ ಕೆಂಪನ್ನೇ.
ಇನ್ನೂ ಕಾಯಂ ಆಗದ ಗ್ರಾಸಿಯೆಟ್
ಹಸಿರು ಒತ್ತಿ ಅತ್ತಿತ್ತ ನೋಡುವಳು.
ಕೆಲವರು ನಾಲ್ಕನ್ನೂ ಒತ್ತಿ ಬಸ್ಸಿಗೆ ಓಟ.
ರಾತ್ರಿ ನಾನು ಎಣಿಸುತ್ತಿದ್ದೆ: ಶೇಕಡ ನಲವತ್ತೆಂಟು ಸುಖ.
ಸಾಲದು ಅಂದರು ಲಿಸ್ಬನ್ನಿನವರು.

ಶುಕ್ರವಾರಕ್ಕೊಂದು ಸೇಬು ಬಂತು.
ಉಸಿರಾಟ ಕಲಿಸಲು ಒಬ್ಬಾಕೆ ಬಂದಳು,
ಮೂವತ್ತು ವರ್ಷ ಮೀನಿನ ನಾತಕ್ಕೆ ಉಸಿರು ಹಿಡಿದವರಿಗೆ
ಬಿಡುವುದು ಹೇಗೆಂದು ಹೇಳಿಕೊಟ್ಟಳು.
ಸುಳ್ಳೇಕೆ, ಚೆನ್ನಾಗಿಯೇ ಇತ್ತು,
ಅಲ್ಬರ್ಟೀನಾ ನಿಂತಲ್ಲೇ ನಿದ್ದೆ ಹೋದಳು.

ಜೂನಿನಲ್ಲಿ ಅಂಕಿ ಜಿಗಿಯಿತು. ಒಂದೇ ವಾರಕ್ಕೆ ಎಂಬತ್ತೊಂಬತ್ತು!
ಟೆಲ್ಮೋ ಕಣ್ಣಲ್ಲಿ ನೀರು, ನಾಟಕವಲ್ಲ.
ಕೇಕು ಬಂತು, ಅದರ ಮೇಲೆ ಹಸಿರು ಮುಖ.
ನನ್ನ ಪಾಲಿಗೆ ಬಲಗಣ್ಣು.
ತಿಂದೆ.

ಮೂರನೇ ವಾರ, ಎಲ್ಲರೂ ಹೋದ ಮೇಲೆ, ಕಂಬದ ಮುಂದೆ ನಿಂತು
ಕೆಂಪು ಒತ್ತಿದೆ. ಒಳಹೋಗಲಿಲ್ಲ.
ಪಿನ್ನು ತೂರಿಸಿ ಎಬ್ಬಿಸಿದರೆ ಒಂದು ಹುರುಪೆ,
ಉಗುರಿಗಿಂತ ಚಿಕ್ಕದು, ಒಣಗಿ ಬೆಳ್ಳಿ.
ಇಷ್ಟರ ಮೇಲೆ ನಿಂತಿತ್ತು ನಮ್ಮೆಲ್ಲರ ಸುಖ.

ಇರಲಿ ಬಿಡು ಎಂದುಕೊಂಡದ್ದು ಎಷ್ಟು ಹೊತ್ತೋ, ಹೇಳಲಾರೆ.
ಹೊರಗೆ ಕಡಲಹಕ್ಕಿಗಳು
ಸಾಲ ಕೊಟ್ಟವರ ಹಾಗೆ ಅರಚುತ್ತಿದ್ದವು.
ತೆಗೆದು ಜೇಬಿಗೆ ಹಾಕಿಕೊಂಡೆ.

ಅಂಕಿ ಕುಸಿಯಿತು. ಋತುಮಾನದ ಏರಿಳಿತ ಎಂದಿತು ವರದಿ.
ಗುಂಡಿ ಕೆಟ್ಟಿದ್ದು ಗೊತ್ತಿತ್ತಾ, ದೆಯೊಲಿಂದಾಳನ್ನು ಕೇಳಿದೆ.
"ಗೊತ್ತಿಲ್ಲದೆ ಏನು ಮಾರಾಯ? ಆದರೂ ಗುದ್ದಿದೆ.
ಗುದ್ದೋದು ನನ್ನ ಪಾಲಿಂದು,
ಕೇಳಿಸ್ಕೊಳ್ಳೋದು ನಿಮ್ಮದು."
ನಿನಗೆ ಬೇಕಾದ್ದೇನು?
ಹನ್ನೊಂದು ವರ್ಷ ಸಂಬಳ ಎಣಿಸಿ ಕೊಟ್ಟವನು
ಮೊದಲ ಸಲ ಕೇಳಿದ್ದು ಇದು.
ಅವಳು ಕೈ ಚಾಚಿದಳು, ಉಪ್ಪುನೀರಿಗೆ ಬಿರಿದು
ಐಸಿಗೆ ನೀಲಿಗಟ್ಟಿದ ಹತ್ತು ಬೆರಳು.
"ತೊಳೆಯೋಕೆ ಬಿಸಿನೀರು."

ಗೋಡೆಯ ಆಚೆಗೇ ಬಾಯ್ಲರು,
ಇಷ್ಟು ವರ್ಷ ಮೀನು ಬೇಯಿಸುತ್ತ ಕೂತಿತ್ತು.
ಕೊಳಾಯಿಯ ಫಿರ್ಮಿನೂ ಶನಿವಾರ ಬಂದು ಒಂದು ತೂತು ಕೊರೆದ,
ಒಂದೂವರೆ ಮೀಟರ್ ಪೈಪು ಎಳೆದ.
ಮೂವತ್ತೇಳು ಯೂರೋ, ಅವನ ಬಿಯರ್ ಸೇರಿ.

ಸೋಮವಾರ ಸಂಜೆ ಸಾಲಾಗಿ ನಿಂತು ಕೈಯೊಡ್ಡಿದರು.
ಯಾರೂ ಮಾತಾಡಲಿಲ್ಲ. ಅಲ್ಬರ್ಟೀನಾ ಮಾತ್ರ ಅಯ್ಯೋ ಅಂದಳು,
ನೋವಿಗೆ ಅನ್ನುವ ಅಯ್ಯೋ ಅಲ್ಲ.
ಕಿಟಕಿಯ ಗಾಜು ಬೆವರಿತು.
ನಾಲ್ಕು ಜನಕ್ಕೆ ಬಸ್ಸು ತಪ್ಪಿತು.
ಗುಂಡಿ ಒತ್ತಿದವರು ಅಂದು ಹದಿನಾಲ್ಕೇ ಮಂದಿ;
ಉಳಿದವರು ಕಂಬದ ಎದುರೇ ಹಾದುಹೋದರು
ಬೆಚ್ಚಗಿನ ಕೈಗಳನ್ನು ಜೇಬಿನಲ್ಲಿ
ಜೋಪಾನವಾಗಿ ಇಟ್ಟುಕೊಂಡು.

ಉತ್ತರಿಸಿದವರು ಕಡಿಮೆ, ಕಾರಣ ತಿಳಿಸಿ,
ಲಿಸ್ಬನ್ನಿನ ಪತ್ರ ಮೇಜಿನ ಮೇಲಿದೆ.
ಮೂವತ್ತೇಳು ಯೂರೋ ಯಾವ ಖಾತೆಗೆ, ಇನ್ನೂ ಬರೆದಿಲ್ಲ.
ರಿಪೇರಿ ಎನ್ನಲೇ? ಹೂಡಿಕೆ ಎನ್ನಲು ಯಾಕೋ ನಾಚಿಕೆ.
ಹುರುಪೆಯನ್ನು ಆ ಪುಟಕ್ಕೇ ಅಂಟಿಸಿದ್ದೇನೆ,
ಪುಸ್ತಕ ತೆರೆದಾಗಲೆಲ್ಲ
ಮೀನು ನಾರುತ್ತದೆ.